ಹಳೇ ಕಾರಿಗೆ ಹೊಸ ಡಿಫರೆನ್ಶಿಯಲ್ ಹಾಕಿದ್ರೆ ಮೈಲಿಗೆಯಾ?

ಹಳೇ ಕಾರಿನ ಹುಚ್ಚು ಹತ್ತಿದವರಲ್ಲಿ ಎರಡು ಪಂಗಡ. ಕಂಪನಿಯಿಂದ ಬಂದ ಒಂದು ಬೋಲ್ಟೂ ಬದಲಾಗಬಾರದು ಅನ್ನುವ ಮಡಿವಂತರು ಒಂದು ಕಡೆ. ಓಡದಿದ್ದರೆ ಅದು ಕಾರೇ ಅಲ್ಲ ಅನ್ನುವವರು ಇನ್ನೊಂದು ಕಡೆ. ನಾನು ಎರಡನೇ ಗುಂಪು. ಬ್ರಿಟಿಷರ ಹಳೇ ಟ್ರಯಂಫ್ ಸ್ಪಿಟ್‌ಫೈರ್‌ಗೆ ಜಪಾನಿನ ಸುಬಾರು ಡಿಫರೆನ್ಶಿಯಲ್ ಕೂರಿಸುವುದು ಮಹಾಪಾಪ ಅನ್ನುವವರ ಜೊತೆ ನನ್ನದೊಂದು ತಕರಾರಿದೆ.

"ಸ್ಪಿಟ್‌ಫೈರ್‌ಗೂ ನಮ್ಮ ಕುಂದಾಪ್ರಕ್ಕೂ ಎಂತ ಸಂಬಂಧ ಮಾರಾಯ್ರೆ?" ಅಂತೀರಾ? ಇದೆ. 1962ರಲ್ಲಿ ಬಂದ ಸ್ಪಿಟ್‌ಫೈರ್ ಹುಟ್ಟಿದ್ದೇ ಟ್ರಯಂಫ್ ಹೆರಾಲ್ಡ್ ಕಾರಿನ ಸಾಮಾನು ಸರಂಜಾಮಿನಿಂದ. ಅದೇ ಹೆರಾಲ್ಡ್ ಮದ್ರಾಸಿನಲ್ಲಿ ತಯಾರಾಗಿ 'ಸ್ಟ್ಯಾಂಡರ್ಡ್ ಹೆರಾಲ್ಡ್' ಅನ್ನೋ ಹೆಸರಲ್ಲಿ 60ರ ದಶಕದಲ್ಲಿ ನಮ್ಮ ದೇಶದ ರಸ್ತೆಗಿಳಿಯಿತು. ಅಂದರೆ ಆ ಸ್ಪೋರ್ಟ್ಸ್ ಕಾರು ನಮಗೆ ದಾಯಾದಿ :)

ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದ್ದಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡಕ್ಕೂ ಎಂಜಿನ್ನಿನ ಬಲ ಹಂಚುತ್ತಲೇ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವುದು ಡಿಫರೆನ್ಶಿಯಲ್ ಕೆಲಸ. ಹೆರಾಲ್ಡ್‌ನದ್ದು 948 ಸಿಸಿಯ, 35 ಕುದುರೆಶಕ್ತಿಯ ಆಸುಪಾಸಿನ ಎಂಜಿನ್ನಿಗೆ ಮಾಡಿದ ಪುಟ್ಟ ಪೆಟ್ಟಿಗೆ. ಆಮೇಲೆ ಸ್ಪಿಟ್‌ಫೈರ್‌ಗೆ 63 ಕುದುರೆಶಕ್ತಿ ಬಂತು, 1966ರ ಜಿಟಿ6ಗೆ ಎರಡು ಲೀಟರಿನ ಆರು ಸಿಲಿಂಡರ್ ಎಂಜಿನ್, 95 ಕುದುರೆಶಕ್ತಿ. ಒಳಗೆ ಅಲ್ಲಲ್ಲಿ ಬಲಪಡಿಸಿದರೂ ಪೆಟ್ಟಿಗೆಯ ವಂಶ ಅದೇ. ಎತ್ತಿನ ಗಾಡಿಯ ಕೀಲಿಗೆ ಲಾರಿ ಕಟ್ಟಿದ ಹಾಗೆ. ಕ್ರೌನ್ ಪಿನಿಯನ್ ಕೂಗದೆ ಇನ್ನೇನು ಮಾಡೀತು?

ಅದಕ್ಕೇ ವಿದೇಶದ ಹವ್ಯಾಸಿಗಳು ಸುಬಾರುವಿನ ಆರ್160 ಹಾಕುತ್ತಾರೆ. 160 ಅಂದರೆ ಕ್ರೌನ್ ಚಕ್ರದ ವ್ಯಾಸ, ಮಿಲಿಮೀಟರಿನಲ್ಲಿ. ಇನ್ನೂ ಜೋರಿನ ಎಂಜಿನ್ ಇರುವ ಟಿಆರ್6ಗೆ ಆರ್180.

ಆದರೆ ಇದು ಬಲ್ಬು ಬದಲಿಸಿದಷ್ಟು ಸುಲಭ ಅಲ್ಲ. ಸ್ಪಿಟ್‌ಫೈರ್‌ನ ಹಿಂದಿನ ಅಡ್ಡ ಲೀಫ್ ಸ್ಪ್ರಿಂಗ್ ಕೂರುವುದೇ ಡಿಫರೆನ್ಶಿಯಲ್ ಪೆಟ್ಟಿಗೆಯ ನೆತ್ತಿಯ ಮೇಲೆ. ಪೆಟ್ಟಿಗೆ ತೆಗೆದರೆ ಸ್ಪ್ರಿಂಗಿಗೆ ಹೊಸ ಆಸರೆ ಕಟ್ಟಬೇಕು, ಎರಡೂ ಬದಿಯ ಶಾಫ್ಟ್ ಹೊಂದಿಸಬೇಕು. ಆ ವೆಲ್ಡಿಂಗ್ ಬಿಟ್ಟರೆ ಹಿಂದಿನ ಚಕ್ರಗಳ ಗತಿ ದೇವರಿಗೇ ಪ್ರೀತಿ. ಮಡಿವಂತರ ಈ ಭಯವನ್ನು ನಾನು ಪೂರ್ತಿ ಒಪ್ತೇನೆ. ಇನ್ನೊಂದು ಮಾತು: ಸರಪಳಿಯ ಒಂದು ಕೊಂಡಿ ಗಟ್ಟಿ ಮಾಡಿದರೆ ಪೆಟ್ಟು ಮುಂದಿನ ಕೊಂಡಿಗೆ. ಗೇರ್‌ಬಾಕ್ಸ್, ಯೂನಿವರ್ಸಲ್ ಜಾಯಿಂಟ್ ಸರದಿಯಲ್ಲಿ ಕಾಯುತ್ತಿರುತ್ತವೆ. ನಮ್ಮ ಸಾಫ್ಟ್‌ವೇರಿನವರಿಗೆ ಇದು ದಿನನಿತ್ಯದ ಅನುಭವ.

ನಾನು ಒಪ್ಪದಿರುವುದು 'ಮೂಲ ಕೆಟ್ಟಿತು' ಅನ್ನುವ ವಾದವನ್ನು. ಮೂಲ ತಯಾರಕರೇ ಅದನ್ನು ಅಷ್ಟು ಪೂಜಿಸಲಿಲ್ಲ. ಹೆರಾಲ್ಡ್‌ನ ಸ್ವಿಂಗ್ ಆಕ್ಸಲ್, ಜೋರು ತಿರುವಿನಲ್ಲಿ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ ಅಂತ ಕುಖ್ಯಾತ. 1972ರಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 'ಗಜೆಲ್' ತಂದಾಗ ಅದನ್ನು ಕಿತ್ತು ಗಟ್ಟಿಯಾದ ಲೈವ್ ಆಕ್ಸಲ್ ಹಾಕಿತು, ಎಂಜಿನ್ ಮಾತ್ರ ಅದೇ 948 ಸಿಸಿ. 90ರ ದಶಕದಲ್ಲಿ ಅಂಬಾಸಿಡರ್‌ಗೆ ಇಸುಜು ಎಂಜಿನ್ ಬಂದಾಗಲೂ ಅದು ಅಂಬಾಸಿಡರ್ ಅಲ್ಲ ಅಂತ ಯಾರೂ ಅನ್ನಲಿಲ್ಲ. ಉಲ್ಟಾ ಉದಾಹರಣೆ 1985ರ ಸ್ಟ್ಯಾಂಡರ್ಡ್ 2000: ರೋವರ್‌ನ ಚೆಂದದ ಬಾಡಿ, ಒಳಗೆ ಓಬೀರಾಯನ ಕಾಲದ ವ್ಯಾನ್‌ಗಾರ್ಡ್ ಎಂಜಿನ್. ಮುಗ್ಗರಿಸಿತು.

ಗಂಗೊಳ್ಳಿಯ ನಾಡದೋಣಿಗೆ ಔಟ್‌ಬೋರ್ಡ್ ಎಂಜಿನ್ ಬಂತು, ದೋಣಿ ದೋಣಿಯಾಗೇ ಉಳಿಯಿತು. ಬಡಗುತಿಟ್ಟಿನ ರಂಗಸ್ಥಳಕ್ಕೆ ದೀವಟಿಗೆ ಹೋಗಿ ಗ್ಯಾಸ್‌ಲೈಟ್, ಆಮೇಲೆ ಕರೆಂಟು ಬಂತು. ಆಟ ಮಾತ್ರ ಆಟವೇ. ಕಾರಿಗೆ ಮಾತ್ರ ಯಾಕೆ ಈ ಮಡಿ?

ನಮ್ಮ ಊರಿನ ಲೆಕ್ಕ ನೋಡಿ. ಬ್ರಹ್ಮಾವರದಿಂದ ಬೈಂದೂರಿನ ತನಕ ಈಗ ಚತುಷ್ಪಥ ಹೆದ್ದಾರಿ. ಮೂಲ ಹೆರಾಲ್ಡ್‌ನ ಅನುಪಾತ 4.875, ಅಂದರೆ ಚಕ್ರ ಒಂದು ಸುತ್ತು ಬರಲು ಶಾಫ್ಟ್ ಸುಮಾರು ಐದು ಸುತ್ತಬೇಕು. ಕೊಲ್ಲೂರು ಘಾಟಿ ಹತ್ತಲು ಅದು ಸರಿ. ಮರವಂತೆಯ ಸಪಾಟು ರಸ್ತೆಯಲ್ಲಿ ಎಂಜಿನ್ ಅರಚುತ್ತದೆ. ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸು ಬರುವಾಗ ಸವೆದ ಡಿಫರೆನ್ಶಿಯಲ್ ಸಿಕ್ಕಿಹಾಕಿಕೊಂಡರೆ ಹೋಗುವುದು ಮೂಲತನ ಅಲ್ಲ, ಜೀವ. ಬಿಡಿಭಾಗ ಸಿಗದೆ ಶೆಡ್ಡಿನಲ್ಲಿ ನಿಲ್ಲಿಸಿದರೋ, ನಮ್ಮ ಉಪ್ಪುಗಾಳಿ ಮತ್ತು ಮಳೆ ಉಳಿದ ಕೆಲಸ ಮುಗಿಸುತ್ತವೆ.

ಕಾನೂನೂ ಸ್ವಲ್ಪ ಸ್ಪಷ್ಟವಾಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡಿಗೆ ಕಡಿವಾಣ ಹಾಕುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 2021ರ ವಿಂಟೇಜ್ ನಿಯಮ ಅನ್ವಯಿಸಲು 50 ವರ್ಷ ದಾಟಿದ ಕಾರು ಮೂಲ ರೂಪದಲ್ಲೇ ಇರಬೇಕು, ಗಣನೀಯ ಬದಲಾವಣೆ ಆಗಿರಬಾರದು. ಆದರೆ ಬಾಡಿ ಕತ್ತರಿಸುವುದೂ ಬೋಲ್ಟು ಹಾಕಿ ಡಿಫರೆನ್ಶಿಯಲ್ ಕೂರಿಸುವುದೂ ಒಂದೇ ಏನು? ಮತ್ತೆ ಬಿಚ್ಚಿ ಹಳೆಯದನ್ನು ಹಾಕಲು ಬರುವಂಥ, ಸುರಕ್ಷತೆ ಹೆಚ್ಚಿಸುವ ಬದಲಾವಣೆಗೆ ಪರೀಕ್ಷೆ ಮಾಡಿ ಒಪ್ಪಿಗೆ ಕೊಡುವ ದಾರಿ ಇರಲಿ.

ನನ್ನ ಷರತ್ತು ಮೂರೇ. ಚಾಸಿ ಕತ್ತರಿಸಬಾರದು. ಸ್ಪ್ರಿಂಗಿನ ಆಸರೆಯನ್ನು ಲೆಕ್ಕ ಬಲ್ಲವರೇ ಮಾಡಬೇಕು. ಕಳಚಿದ ಹಳೇ ಪೆಟ್ಟಿಗೆಯನ್ನು ಗುಜರಿಗೆ ಹಾಕದೆ ಗ್ರೀಸ್ ಬಳಿದು ಅಟ್ಟದ ಮೇಲಿಡಬೇಕು. ಮುಂದಿನ ತಲೆಮಾರಿಗೆ ಮಡಿ ಬೇಕೆನಿಸಿದರೆ ಇಳಿಸಿಕೊಳ್ಳಲಿ. ಅಲ್ಲೀವರೆಗೆ ಕಾರು ಓಡ್ತಾ ಇರಲಿ.