ಎಡಗಾಲಿಗೆ ಕೆಲಸವಿಲ್ಲ

"ಆಟೋಮ್ಯಾಟಿಕ್ಕಾ? ಅದನ್ನ ಓಡಿಸೋದೂ ಡ್ರೈವಿಂಗಾ ಮೇಡಂ? ಮೊದ್ಲು ಗೇರ್ ಕಲೀರಿ." ಮೈಸೂರಿನಲ್ಲಿ ನಾನು ವಿಚಾರಿಸಿದ ಮೂರನೆಯ ಡ್ರೈವಿಂಗ್ ಸ್ಕೂಲಿನವರು ಹೇಳಿದ ಮಾತು. ಮೊದಲಿನಿಬ್ಬರು ಇಷ್ಟೂ ಹೇಳದೆ ಕ್ಲಚ್ಚಿನ ಹಳೆಯ ಕಾರಿನತ್ತ ಕೈತೋರಿಸಿದ್ದರು.

ನಮ್ಮ ಮನೆಯಲ್ಲಿರುವುದು ಸೆಕೆಂಡ್‌ಹ್ಯಾಂಡ್ ಆಟೋಮ್ಯಾಟಿಕ್. ಎಡಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಕ್ಲಚ್ ಒತ್ತಲಾಗದೆ ಅಪ್ಪ ಕೊಂಡದ್ದು. ಈಗ ಬಲಮಂಡಿಯ ಸರದಿ. ಆಸ್ಪತ್ರೆಗೆ ಕರೆದೊಯ್ಯಬೇಕಾದವಳು ನಾನು. ನಮ್ಮ ಕಾರಿನಲ್ಲಿ ಇಲ್ಲವೇ ಇಲ್ಲದ ಪೆಡಲ್ಲಿಗಾಗಿ ಒಂದು ತಿಂಗಳು ಮತ್ತು ಫೆಲೋಶಿಪ್ಪಿನ ದುಡ್ಡು ಏಕೆ ಸುರಿಯಲಿ?

ಗೇರು ಬಂದವರು ಯಾವ ಕಾರನ್ನಾದರೂ ಓಡಿಸಬಲ್ಲರು ಎಂಬ ವಾದವಿದೆ. ಸರಿಯೇ. 1988ರ ಮೋಟಾರು ವಾಹನ ಕಾಯಿದೆ ದ್ವಿಚಕ್ರಿಗಳಲ್ಲಿ ಗೇರಿರುವುದು, ಇಲ್ಲದ್ದು ಎಂದು ಲೈಸೆನ್ಸನ್ನೇ ಬೇರೆ ಮಾಡುತ್ತದೆ; ಕಾರಿಗೆ ಬಂದರೆ 'ಲಘು ಮೋಟಾರು ವಾಹನ' ಎಂದು ಸುಮ್ಮನಾಗುತ್ತದೆ. ಬ್ರಿಟನ್ನಿನಲ್ಲಿ ಆಟೋಮ್ಯಾಟಿಕ್‌ನಲ್ಲಿ ಪರೀಕ್ಷೆ ಪಾಸಾದವರು ಗೇರಿನ ಕಾರು ಮುಟ್ಟುವಂತಿಲ್ಲ. ಅಂಥ ನಿಯಮ ಇಲ್ಲಿ ಬಂದರೂ ನನ್ನ ತಕರಾರಿಲ್ಲ. ನಾನು ಕೇಳುತ್ತಿರುವುದು ರಿಯಾಯಿತಿಯಲ್ಲ, ಪಾಠ.

ಏಕೆಂದರೆ ಇದರಲ್ಲೂ ಕಲಿಯುವುದಿದೆ. 'ಎರಡೇ ಪೆಡಲ್ಲು, ಹೋಗು' ಎಂದು ಕಳಿಸುವವರೇ ಅಪಾಯಕಾರಿಗಳು. 'ಡಿ'ಗೆ ಹಾಕಿ ಬ್ರೇಕಿನಿಂದ ಕಾಲು ತೆಗೆದರೆ ಸಾಕು, ಆಕ್ಸಿಲರೇಟರ್ ಮುಟ್ಟದಿದ್ದರೂ ನಮ್ಮ ಕಾರು ತಾನಾಗಿ ಮುಂದೆ ತೆವಳುತ್ತದೆ. ಬ್ರೇಕಿಗೂ ವೇಗಕ್ಕೂ ಬಲಗಾಲೊಂದೇ. ಹಿಮ್ಮಡಿ ಬ್ರೇಕಿನ ನೇರಕ್ಕಿದ್ದು ಪಾದ ಮಾತ್ರ ಅತ್ತಿತ್ತ ಹೊರಳಬೇಕು. ಎಡಗಾಲನ್ನು ಹಿಂದಕ್ಕೆ ಮಡಚಿಟ್ಟು ಮರೆತುಬಿಡಬೇಕು. ಚಾಮುಂಡಿ ಬೆಟ್ಟದಿಂದ 'ಡಿ'ಯಲ್ಲೇ ಬ್ರೇಕ್ ಒತ್ತುತ್ತ ಇಳಿದರೆ ಬ್ರೇಕು ಕಾಯುತ್ತದೆ. ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನಿಂದಲೇ ವೇಗ ತಡೆಯಬೇಕು. ಇದನ್ನೆಲ್ಲ ಹೇಳಿಕೊಡುವವರು ಎಲ್ಲಿ?

ನನಗೆ ಹೇಳಿಕೊಟ್ಟದ್ದು ಅಪ್ಪ. ಅದೂ ಮೂರನೆಯ ದಿನ ಮನೆಯ ಮುಂದೆ ನಿಲ್ಲಿಸಲು ಹೋಗಿ, ಬ್ರೇಕೆಂದು ನಂಬಿ ಆಕ್ಸಿಲರೇಟರ್ ಒತ್ತಿದ ಮೇಲೆ. ಕಾರು ಚಿಮ್ಮಿತು, ನಾನು ಕಿರುಚಿದೆ, ಪಕ್ಕದಲ್ಲಿದ್ದ ಅಪ್ಪ ಹ್ಯಾಂಡ್‌ಬ್ರೇಕ್ ಎಳೆದರು. ದಾಸವಾಳದ ಕುಂಡ ಹೋಯಿತು. ಕುಂಡದ ಪಕ್ಕದ ಮೆಟ್ಟಿಲ ಮೇಲೆ ಅಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದರು. ಆ ರಾತ್ರಿ ನಾನು ಮಲಗಲಿಲ್ಲ.

ಸುದ್ದಿ ತಿಳಿದ ಸೋದರಮಾವ, "ಅದು ಹೆಂಗಸರ ಗಾಡಿ, ಅದೂ ಬರಲ್ವಾ?" ಎಂದು ನಕ್ಕರು. ಕೊಂಡವರು, ಓಡಿಸುವವರು ಅಪ್ಪ ಎಂಬುದು ಅವರಿಗೆ ನೆನಪಾಗಲಿಲ್ಲ. ನಮ್ಮಲ್ಲಿ ಕಷ್ಟಕ್ಕೊಂದು ಮರ್ಯಾದೆಯಿದೆ, ಆದರೆ ಯಾರ ಕಷ್ಟಕ್ಕೆ? ಗ್ರೈಂಡರಿನ ಹಿಟ್ಟಿನ ದೋಸೆಯನ್ನು ಮಾವ ನಾಲ್ಕು ತಿನ್ನುತ್ತಾರೆ. ಒರಳಲ್ಲಿ ರುಬ್ಬದಿದ್ದರೆ ಅದು ಅಡುಗೆಯೇ ಅಲ್ಲ ಎಂದದ್ದನ್ನು ನಾನು ಕೇಳಿಲ್ಲ. ನನ್ನ ಪ್ರಬಂಧವನ್ನು ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ ಟೈಪಿಸುತ್ತೇನೆ. ಟೈಪ್‌ರೈಟರ್ ಬಾರದವಳದ್ದು ಬರವಣಿಗೆಯಲ್ಲ ಎಂದು ಮಾರ್ಗದರ್ಶಕರೂ ಹೇಳಿಲ್ಲ (ಬೇರೆ ಬಹಳ ಹೇಳಿದ್ದಾರೆ).

ಬೆಳಿಗ್ಗೆ ಆರಕ್ಕೆ, ಎಲ್ ಬೋರ್ಡು ಅಂಟಿಸಿಕೊಂಡು, ಅಪ್ಪ ಊರುಗೋಲನ್ನು ಹಿಂದಿನ ಸೀಟಿಗೆ ಹಾಕಿ ಪಕ್ಕದಲ್ಲಿ ಕೂರುತ್ತಾರೆ. "ಎಡಗಾಲು?" ಎನ್ನುತ್ತಾರೆ. "ಹಿಂದೆ ಇದೆ ಅಪ್ಪ." ಮಂಗಳವಾರ ಟೆಸ್ಟು. ನಮ್ಮ ಕಾರಿನಲ್ಲೇ ಕೊಡುತ್ತೇನೆ.