ಅಜ್ಜನ ಕಥಿ ಆನ್‌ಲೈನ್ ಹಾಕೋ ಮೊದಲು

1/7
ದೋಸ್ತ್ರ, ಈ ಸರಣಿ ಸ್ವಲ್ಪ ಉದ್ದ ಐತಿ, ಕಡೀತನಕ ಸ್ವೈಪ್ ಮಾಡ್ರಿ. ಸೆಪ್ಟೆಂಬರ್ 17 ಬಂತಂದ್ರ ನಮ್ಮ ಕಡೆ ಸ್ಟೋರಿ ತುಂಬ ಅಜ್ಜ, ಮುತ್ತಜ್ಜರ ಫೋಟೊ. ಒಳ್ಳೇದು. ಈಗ ಕೆಲವರು ವಿಕಿಪೀಡಿಯದಾಗ ಅವರ ಜೀವನಚರಿತ್ರೆ ಬರೆಯೋಕೂ ಹೊರಟಾರ. ನನ್ನ ಅಭಿಪ್ರಾಯ ಇಷ್ಟೇ: ಮನೆ ಹಿರಿಯರ ಬಗ್ಗೆ ಬರೆಯುವಾಗ ಮೊದಲು ಅನುಮಾನ ಪಡಬೇಕಾದವರು ಮನೆಯವರೇ.

2/7
"ಬ್ರಿಟಿಷರ ವಿರುದ್ಧ ಹೋರಾಡಿ 1947ರಲ್ಲಿ ಸ್ವಾತಂತ್ರ್ಯ ಕಂಡರು" ಅಂತ ಬೇವೂರಿನ ಅಜ್ಜನ ಬಗ್ಗೆ ಬರೆದ್ರ ಮೊದಲ ಸಾಲಿಗೇ ಎಡವಿದಂಗ. ಯಲಬುರ್ಗಾ, ಕೊಪ್ಪಳ, ಕುಷ್ಟಗಿ, ಗಂಗಾವತಿ ಎಲ್ಲಾ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಾಗ ಇದ್ದವು. ಭಾರತದ ಸೇನೆ ಒಳಗೆ ಬಂದದ್ದು 1948ರ ಸೆಪ್ಟೆಂಬರ್ 13ಕ್ಕೆ, ನಿಜಾಮ ಶರಣಾದದ್ದು 17ಕ್ಕೆ. ನಮ್ಮವರ ಹೋರಾಟದ ಶಿಬಿರಗಳು ಮುಂಡರಗಿ, ಗಜೇಂದ್ರಗಡದಾಗ, ಅಂದ್ರ ಗಡಿಯಾಚೆ ಬಾಂಬೆ ಪ್ರಾಂತ್ಯದಾಗ ಇದ್ದವು. ಮುಂಡರಗಿ ಶಿಬಿರದ ಮುಂದಾಳು ಅಳವಂಡಿ ಶಿವಮೂರ್ತಿಸ್ವಾಮಿಗಳು. 1952ರಲ್ಲಿ ಕುಷ್ಟಗಿಯಿಂದ ಪಕ್ಷೇತರರಾಗಿ ಲೋಕಸಭೆಗೆ ಗೆದ್ದವರು ಇವರೇ. ಹಿಂಗಾಗಿ "ಅಜ್ಜ ಹೋರಾಟದಾಗ ಇದ್ರು" ಅಂದ್ರ ಸಾಲದು. ಯಾವ ಶಿಬಿರ, ಎಷ್ಟು ತಿಂಗಳು, ಏನು ಕೆಲಸ ಅಂತ ಕೇಳ್ರಿ.

3/7
ತಾರೀಖು. ನಿಜಾಮರ ಕಾಲದ ಕಾಗದದಾಗ 1357 ಅಂತ ಇದ್ರ ಗಾಬರಿ ಬ್ಯಾಡ, ಅದು ಫಸಲಿ ವರ್ಷ. 590 ಕೂಡಿಸ್ರಿ, 1947–48 ಸಿಗತೈತಿ. ಭಾಷೆ ಉರ್ದು ಇರಬಹುದು, ಊರಾಗ ಓದೋರನ್ನ ಹುಡುಕ್ರಿ. ಇನ್ನ ಜನ್ಮದಿನ ಜೂನ್ 1 ಅಂತಿದ್ರ ಹುಷಾರು! ಮಕ್ಕಳನ್ನ ಶಾಲೆಗೆ ಹಚ್ಚುವಾಗ ಮಾಸ್ತರು ಅಂದಾಜಿಗೆ ಹಾಕಿದ ತಾರೀಖು ಅದಾಗಿರಬಹುದು. ಅಂಥಲ್ಲಿ "ಶಾಲಾ ದಾಖಲೆಯ ಪ್ರಕಾರ" ಅಂತ ಬರೀರಿ, ಮುಗೀತು.

4/7
ಹೆಸರು. ಜನರಲ್ ಗೋಪಾಲ ಗುರುನಾಥ ಬೇವೂರ್ 1973ರಿಂದ 1975ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಅಡ್ಡಹೆಸರು ನೋಡಿ "ನಮ್ಮೂರವ್ರು" ಅಂತ ಪೋಸ್ಟ್ ಹಾಕೋಕೆ ಕೈ ತುರಿಸತೈತಿ, ಖರೆ. ಆದ್ರ ಅವರು ಹುಟ್ಟಿದ್ದು ಮಧ್ಯಪ್ರದೇಶದ ಸಿವನಿಯಲ್ಲಿ, ಮತ್ತ ಬೇವೂರು ಅನ್ನೋ ಊರು ಬಾಗಲಕೋಟೆ ಕಡೆನೂ ಐತಿ. ಹೆಸರು ಒಂದೇ ಅಂದ್ರ ಊರು ಒಂದೇ ಅಲ್ಲ, ಬಳಗ ಅಂತೂ ಅಲ್ಲೇ ಅಲ್ಲ. ನಮ್ಮಲ್ಲಿ ಒಂದೇ ಓಣಿಯಾಗ ನಾಲ್ಕು ಬಸಪ್ಪ ಇರ್ತಾರ. ಪಟ್ಟಿಯಾಗಿನ ಬಸಪ್ಪ ಯಾರ ಬಸಪ್ಪ? ತಂದೆ ಹೆಸರು, ಊರು, ವಯಸ್ಸು ಮೂರೂ ಕೂಡಿದ್ರ ಮಾತ್ರ ನಂಬ್ರಿ.

5/7
ಎಲ್ಲಿ ಹುಡುಕಬೇಕು? ಕೊಪ್ಪಳ ಜಿಲ್ಲೆ ಆದದ್ದು 1990ರ ದಶಕದಾಗ, ಅದಕ್ಕೂ ಮೊದಲು ರಾಯಚೂರು ಜಿಲ್ಲೆ. ಹಂಗಾಗಿ ರಾಯಚೂರಿನ ಗೆಜೆಟಿಯರ್ ತೆಗೀರಿ. ಬೆಂಗಳೂರಿನ ರಾಜ್ಯ ಪತ್ರಾಗಾರ ಐತಿ, ನಿಜಾಮರ ಕಾಲದ ಕಡತಕ್ಕೆ ಹೈದರಾಬಾದಿನ ಪತ್ರಾಗಾರ ಐತಿ. ಹೋರಾಟಗಾರರಿಗೆ ಕೇಂದ್ರದ ಪಿಂಚಣಿ ಯೋಜನೆ ಶುರುವಾದದ್ದು 1972ರಲ್ಲಿ. ಅರ್ಜಿ ಹಾಕಿದ್ರ ಎಲ್ಲೋ ಒಂದು ಕಡತ ಇರತೈತಿ, ಮಾಹಿತಿ ಹಕ್ಕಿನಡಿ ಕೇಳಬಹುದು. ಆದ್ರ ಒಂದು ನೆನಪಿಡ್ರಿ: ಪಿಂಚಣಿ ಇಲ್ಲ ಅಂದ್ರ ಹೋರಾಡಿಲ್ಲ ಅಂತಲ್ಲ. ಜೈಲಿನ ಕಾಗದ ಇಲ್ಲದವರು, ಅರ್ಜಿ ಹಾಕೋಕೆ ಬರದವರು, ರೊಟ್ಟಿ ಬಡಿದು ಶಿಬಿರಕ್ಕೆ ಕಳಿಸಿದ ಅಮ್ಮಂದಿರು ಯಾವ ಪಟ್ಟಿಯಾಗ ಸಿಗ್ತಾರ?

6/7
ಇನ್ನೊಂದು ಬಲೆ. ನೀವು ಆಧಾರ ಇಲ್ಲದೆ ಒಂದು ಸಾಲು ಹಾಕ್ತೀರಿ. ಅದನ್ನ ನೋಡಿ ಯಾವುದೋ ಪತ್ರಿಕೆ ಬರೀತೈತಿ. ಆಮೇಲೆ ಆ ಪತ್ರಿಕೆನೇ ನಿಮ್ಮ ಸಾಲಿಗೆ "ಆಧಾರ" ಆಗತೈತಿ. ಬಾವಿಗೆ ನೀರು ಹೊಯ್ದು ಅದೇ ನೀರು ಸೇದಿದಂಗ! ಅದಕ್ಕೇ ಹತ್ತಿರದ ಸಂಬಂಧಿಕರು ಲೇಖನ ತಾವೇ ಬರೆಯಬಾರದು ಅಂತ ವಿಕಿಪೀಡಿಯ ಹೇಳೋದು. ಚರ್ಚಾಪುಟದಾಗ "ನಾನು ಮೊಮ್ಮಗಳು" ಅಂತ ಹೇಳಿ, ದಾಖಲೆ ಮುಂದಿಟ್ಟು, ಬೇರೆಯವರಿಗೆ ಬರೆಯೋಕೆ ಬಿಡ್ರಿ. ಇದು ಅಜ್ಜನಿಗೆ ಅವಮಾನ ಅಲ್ಲ. ಒಂದು ಸುಳ್ಳು ಸಿಕ್ಕಿತಂದ್ರ ಓದೋರು ಹತ್ತು ಖರೆ ಮಾತನ್ನೂ ನಂಬಲ್ಲ, ಅವಮಾನ ಅಂದ್ರ ಅದು.

7/7
"ಅಜ್ಜ ಹೇಳಿದ್ದೇ ಸಾಕು, ಕಾಗದ ಯಾಕ?" ಅಂತ ಕೇಳೋರು ಇದ್ದಾರ. ಅಜ್ಜನ ಮಾತಿಗೂ ಬೆಲೆ ಐತಿ, ಆದ್ರ ಅದನ್ನ ಅಜ್ಜನ ಮಾತು ಅಂತಲೇ ಇಡ್ರಿ: ಯಾರು ಹೇಳಿದರು, ಯಾವಾಗ ಹೇಳಿದರು, ಕಣ್ಣಾರೆ ಕಂಡದ್ದೋ ಕೇಳಿದ್ದೋ. 1948ರಲ್ಲಿ 15 ವರ್ಷದವರಿಗೆ ಈಗ 90 ದಾಟೇತಿ. ಪತ್ರಾಗಾರ ಮುಂದಿನ ವರ್ಷನೂ ಇರತೈತಿ, ಅವರು ಇರ್ತಾರ ಅನ್ನೋ ಖಾತ್ರಿ ಇಲ್ಲ. ಲೇಖನ ಆಮೇಲೆ ಆಗಲಿ. ಈ ಭಾನುವಾರ ಅವರನ್ನ ಕೇಳಿ, ಒಪ್ಪಿಗೆ ತಗೊಂಡು, ಫೋನಿನ ರೆಕಾರ್ಡರ್ ಒತ್ರಿ. ನಡುವೆ ಬಾಯಿ ಹಾಕಬ್ಯಾಡ್ರಿ.

ಸೇವ್ ಮಾಡ್ಕೊಳ್ರಿ, ಕ್ಲಾಸ್ ಗ್ರೂಪಿಗೂ ಕಳಿಸ್ರಿ. ನಿಮ್ಮ ಮನ್ಯಾಗ ಯಾವ ಹಳೇ ಕಾಗದ ಐತಿ? ಕಾಮೆಂಟ್‌ನಾಗ ಹೇಳ್ರಿ.

#ಬೇವೂರು #ಯಲಬುರ್ಗಾ #ಕಲ್ಯಾಣಕರ್ನಾಟಕ #ಅಜ್ಜನಕಥಿ