ಯಂತ್ರದ ನಾಳೆ ಮತ್ತು ‘ಸ್ಯಾತ್’ ಎಂಬ ಎಚ್ಚರ

ಕೃತಕ ಬುದ್ಧಿಮತ್ತೆಯ ಕುರಿತ ರಾಜಕೀಯ ವಾದಗಳು ಬಹುಮಟ್ಟಿಗೆ ಇಂದಿನ ಯಂತ್ರಕ್ಕಿಂತ ಮೂವತ್ತು-ಐವತ್ತು ವರ್ಷಗಳಾಚೆಯ ಚಿತ್ರವೊಂದನ್ನು ಆಧರಿಸಿವೆ. ಯಂತ್ರವು ಬಡತನವನ್ನೇ ಅಳಿಸುವುದೆಂದು ನಂಬಿದವನಿಗೆ ಪ್ರತಿಯೊಂದು ನಿಯಂತ್ರಣವೂ ಅಡ್ಡಗಾಲು. ಅದು ಮನುಕುಲವನ್ನೇ ನುಂಗೀತೆಂದು ಅಂಜಿದವನಿಗೆ ಎಂತಹ ನಿರ್ಬಂಧವೂ ಸಾಲದು. ಬೃಹತ್ ಮಾದರಿಗಳ ತರಬೇತಿಯನ್ನು ಆರು ತಿಂಗಳು ನಿಲ್ಲಿಸಬೇಕೆಂಬ ಬಹಿರಂಗ ಪತ್ರ 2023ರ ಮಾರ್ಚ್‌ನಲ್ಲಿ ಹೊರಬಿದ್ದಿತು. ಮರುವರ್ಷ ಅದೇ ತಿಂಗಳಲ್ಲಿ ಭಾರತ ಸರ್ಕಾರವು ಇಂಡಿಯಾ ಎಐ ಮಿಷನ್‌ಗೆ ಸುಮಾರು 10,372 ಕೋಟಿ ರೂಪಾಯಿಗಳ ಅನುಮೋದನೆ ನೀಡಿತು. ಎರಡರ ಹಿಂದೆಯೂ ಅವರವರು ಕಂಡ ನಾಳೆಯಿದೆ.

ದೂರದ ಚಿತ್ರವು ಸಮೀಪದ ನಿಲುವನ್ನು ತಿದ್ದುವ ಬಗೆಯನ್ನು ಅರಿಯಲು ಕೋಲ್ಕತ್ತದ ಜಾದವ್‌ಪುರದತ್ತ ನೋಡಬೇಕು. ಪಿ.ಸಿ. ಮಹಾಲನೋಬಿಸ್ ಸ್ಥಾಪಿಸಿದ ಭಾರತೀಯ ಸಾಂಖ್ಯಿಕ ಸಂಸ್ಥೆ ಮತ್ತು ಜಾದವ್‌ಪುರ ವಿಶ್ವವಿದ್ಯಾಲಯ ಜೊತೆಗೂಡಿ ನಿರ್ಮಿಸಿದ ಐಎಸ್‌ಐಜೆಯು-1 ಎಂಬ ಟ್ರಾನ್ಸಿಸ್ಟರ್ ಗಣಕವು 1966ರಲ್ಲಿ ಕಾರ್ಯಾರಂಭ ಮಾಡಿತು. ಎರಡನೆಯ ಪಂಚವಾರ್ಷಿಕ ಯೋಜನೆಯನ್ನು ರೂಪಿಸಿದ ಮಹಾಲನೋಬಿಸರಿಗೆ ಗಣಕವು ಯೋಜಿತ ಆರ್ಥಿಕತೆಯ ಉಪಕರಣವಾಗಿತ್ತು. ಅದೇ ದಶಕದಲ್ಲಿ, ಅದೇ ನಗರಕ್ಕೆ ಜೀವ ವಿಮಾ ನಿಗಮವು ಗಣಕ ತರಲು ಹೊರಟಾಗ, ನೌಕರರು ಇಲಾಕೋ ಹೌಸ್ ಕಟ್ಟಡಕ್ಕೆ ಕಾವಲು ಕುಳಿತು ತಡೆದರು. ಅವರ ಕಣ್ಣಿಗೆ ಅದು ಅನ್ನ ಕಸಿಯುವ ಸಾಧನ.

ಮುಂದೆ ಎಡಪಕ್ಷದ ನೋಟವೇ ಬದಲಾಯಿತು. 1987ರಿಂದ 2011ರವರೆಗೆ ಜಾದವ್‌ಪುರವನ್ನು ವಿಧಾನಸಭೆಯಲ್ಲಿ ಪ್ರತಿನಿಧಿಸಿದ ಬುದ್ಧದೇವ ಭಟ್ಟಾಚಾರ್ಯರು 2000ದಲ್ಲಿ ಮುಖ್ಯಮಂತ್ರಿಯಾದ ಮೇಲೆ ಮಾಹಿತಿ ತಂತ್ರಜ್ಞಾನ ಉದ್ಯಮವನ್ನು ಬಂಗಾಳಕ್ಕೆ ಆಹ್ವಾನಿಸಿದರು. 2024ರ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷವಾದ ಸಿಪಿಎಂ, ‘ಸಮತಾ’ ಎಂಬ ಕೃತಕ ನಿರೂಪಕಿಯನ್ನು ಪ್ರಚಾರಕ್ಕೆ ಇಳಿಸಿತು. ಅನಾರೋಗ್ಯದಲ್ಲಿದ್ದ ಬುದ್ಧದೇವರ ಸಂದೇಶವನ್ನೂ ಅದೇ ತಂತ್ರದಿಂದ ಬಿತ್ತರಿಸಿತು. ಇದನ್ನು ಇಬ್ಬಂದಿತನವೆಂದು ಹಂಗಿಸುವುದು ಸುಲಭ. ಆದರೆ ಕಲ್ಪಿಸಿಕೊಂಡ ನಾಳೆ ಬದಲಾದಾಗ ನಿಲುವು ಬದಲಾಗುವುದು ಎಲ್ಲ ಪಕ್ಷಗಳ ಪಾಡು. ಇಲಾಕೋ ಹೌಸ್ ಮುಂದೆ ಗುಮಾಸ್ತರು ಎತ್ತಿದ ಪ್ರಶ್ನೆ, ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದು, ಈ ಬದಲಾವಣೆಗಳ ನಡುವೆ ಹಾಗೆಯೇ ಉಳಿಯಿತು.

ಲೆಕ್ಕಶಾಸ್ತ್ರದಲ್ಲಿ ಹಳೆಯದೊಂದು ವಿವೇಕಸೂತ್ರವಿದೆ: ಕೈಸೇರದ ಲಾಭವನ್ನು ಆಸ್ತಿಯೆಂದು ಬರೆಯಬಾರದು, ಸಂಭವನೀಯ ನಷ್ಟಕ್ಕೆ ಮಾತ್ರ ಇಂದೇ ಹಣ ತೆಗೆದಿರಿಸಬೇಕು. ಯಂತ್ರಯುಗದ ರಾಜಕಾರಣ ಇದನ್ನು ತಲೆಕೆಳಗಾಗಿಸಿದೆ. ಮುಂದಿನ ಶತಮಾನದ ಸಮೃದ್ಧಿ ಈಗಾಗಲೇ ಜಮೆಯಾಗಿದೆ. ಮುಂದಿನ ವರ್ಷ ಕೆಲಸ ಕಳೆದುಕೊಳ್ಳುವವನಿಗೆ ಮೀಸಲಿಟ್ಟ ನಿಧಿಯಿಲ್ಲ. ಸರ್ವನಾಶದ ಭೀತಿಯನ್ನಷ್ಟೇ ಸಾರುವವರೂ ಆ ಮನುಷ್ಯನನ್ನು ಅಷ್ಟೇ ಸಲೀಸಾಗಿ ಮರೆಯುತ್ತಾರೆ.

1954ರಲ್ಲಿ ಪ್ರಕಟವಾದ ಸಂಖ್ಯಾಶಾಸ್ತ್ರದ ತಳಹದಿಯ ಕುರಿತ ಲೇಖನದಲ್ಲಿ ಇದೇ ಮಹಾಲನೋಬಿಸರು ಜೈನರ ಸ್ಯಾದ್ವಾದಕ್ಕೂ ಸಂಭವನೀಯತೆಯ ಚಿಂತನೆಗೂ ಇರುವ ನಂಟನ್ನು ಚರ್ಚಿಸಿದ್ದರು. ಅದನ್ನು ಉಲ್ಲೇಖಿಸಿ ಹೆಮ್ಮೆಪಟ್ಟರೆ ಸಾಲದು. ಸ್ಯಾದ್ವಾದವೆಂದರೆ ಅಡ್ಡಗೋಡೆಯ ಮೇಲೆ ದೀಪವಿಡುವುದಲ್ಲ. ಯಾವ ನಯದಿಂದ ಈ ಮಾತು ಸತ್ಯ, ಯಾರ ನೆಲೆಯಿಂದ ಅಸತ್ಯ ಎಂದು ಕೇಳುವ ಶಿಸ್ತು ಅದು. ನಾಳೆಯ ಹೆಸರಿನಲ್ಲಿ ಇಂದು ತ್ಯಾಗ ಬೇಡುವ ಯಾವ ಪಕ್ಷವೂ ಆ ಪ್ರಶ್ನೆಗೆ ಉತ್ತರಿಸಬೇಕು.

ವ್ಯಾಪಾರ ಮತ್ತು ಲೆಕ್ಕಪತ್ರ ವೃತ್ತಿಗಳಲ್ಲಿರುವ ಜೈನ ಕುಟುಂಬಗಳಿಗಂತೂ ಇದು ದೂರದ ಮಾತಲ್ಲ. ಲೆಕ್ಕ ಬರೆಯುವ ತಂತ್ರಾಂಶ ಮಾಲೀಕನ ಪಾಲಿಗೆ ಉಳಿತಾಯ. ಗುಮಾಸ್ತನ ಮನೆಯಲ್ಲಿ ಅದೇ ಮಕ್ಕಳ ಶಾಲಾಶುಲ್ಕದ ಚಿಂತೆ. ಆಶ್ರಿತರ ಅನ್ನಪಾನ ನಿರೋಧವನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಸಿದ ಪರಂಪರೆಯಿದು. ಯಂತ್ರವನ್ನು ತರುವ ಮಾಲೀಕನು ಹಳೆಯ ಗುಮಾಸ್ತನಿಗೆ ಹೊಸ ಕೆಲಸ ಕಲಿಸುವ ವೆಚ್ಚವನ್ನೂ ಅದೇ ಬಜೆಟ್ಟಿನಲ್ಲಿ ಬರೆಯಲಿ. ಸರ್ಕಾರಕ್ಕೆ ಅದನ್ನೇ ಹೇಳುವ ನೈತಿಕ ಹಕ್ಕು ಆಗ ಸಮಾಜಕ್ಕೆ ದೊರೆಯುತ್ತದೆ.